ಮಧುಮೇಹ: ಗುಳಿಗೆ ಮತ್ತು ಪಥ್ಯದ ಇತಿಹಾಸ



ಮಧುಮೇಹವಿದೆಯೆಂದು ವೈದ್ಯರು ತಿಳಿಸಿದೊಡನೆ ನಾವು ಮೊದಲು ನಾಚುತ್ತೇವೆ, ಅನಂತರ ಮರೆಮಾಡುತ್ತೇವೆ. ಈ ರೋಗದ ಇತಿಹಾಸವನ್ನು ಅರಿತರೆ ನಾಚಿಕೆಗೆ ಎಡೆಯಿಲ್ಲ.

ಹುಟ್ಟಿನಿಂದ ಬರುವ ಮೇಹ, ಅಪಥ್ಯದಿಂದ ಬರುವ ಮೇಹ ಎಂದು ಸುಶ್ರುತ ಸಂಹಿತೆ ಎರಡು ಬಗೆಗಳನ್ನು ಹೇಳುತ್ತದೆ; ದಿಕ್ಕಿಲ್ಲದ ಬಡರೋಗಿಗೆ ನೂರು ಯೋಜನ ನಡೆಯುವಂತೆ ವಿಧಿಸುತ್ತದೆ. ಮೂತ್ರದ ಸಿಹಿಗೆ ಸಕ್ಕರೆಯೇ ಕಾರಣವೆಂದು 1776ರಲ್ಲಿ ತೋರಿಸಿದವನು ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್. ಇಂದು ಹಲವರಿಗೆ ಮೊದಲು ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯ ಮೂಲ ಯೂರೋಪಿನ ಗಲೀಗ ಎಂಬ ಗಿಡದಲ್ಲಿದೆ. 1957ರಲ್ಲಿ ಪ್ಯಾರಿಸ್ಸಿನ ಜಾನ್ ಸ್ಟೆರ್ನ್ ಅದರ ಉಪಯೋಗವನ್ನು ಪ್ರಕಟಿಸಿದರು.

ಪಥ್ಯದ ಶಕ್ತಿಗೆ ನಾವು ನೆಲೆಸಿದ ಈ ದೇಶವೇ ಸಾಕ್ಷಿ. ಪಶ್ಚಿಮ ಆಸ್ಟ್ರೇಲಿಯಾದ ಹತ್ತು ಮಂದಿ ಮಧುಮೇಹಿ ಮೂಲನಿವಾಸಿಗಳು ಏಳು ವಾರ ತಮ್ಮ ಪೂರ್ವಿಕರಂತೆ ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕಿದಾಗ ತೂಕವೂ ರಕ್ತದ ಸಕ್ಕರೆಯೂ ಇಳಿದುದನ್ನು ಕೆರಿನ್ ಓಡೀ 1984ರಲ್ಲಿ ವರದಿಮಾಡಿದರು. ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆಂಬ ಕೋಷ್ಟಕವನ್ನು 1995ರಲ್ಲಿ ಹೊರತಂದವರು ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು. ಚಾಟ್ಸ್‌ವುಡ್‌ನ ಅಂಗಡಿಯಲ್ಲಿ ಜಾಸ್ಮಿನ್ ಅಕ್ಕಿಯ ಬದಲು ಬಾಸ್ಮತಿಯನ್ನು ಆರಿಸುವಾಗ ನಾವು ಆ ವಿದ್ಯೆಯನ್ನೇ ಬಳಸುತ್ತೇವೆ. ಆದರೂ ಅನ್ನ ಮಿತವಾಗಿರಬೇಕು, ಹುಳಿ, ಪಲ್ಯ, ಕೋಸಂಬರಿ ಹೆಚ್ಚಬೇಕು.

ಪಥ್ಯ ಹಿಡಿದರೆ ಗುಳಿಗೆ ಬೇಡವೇ? ವರ್ಷಗಳು ಕಳೆದಂತೆ ಹಲವರಿಗೆ ಔಷಧಿ ಹೆಚ್ಚಿಸಬೇಕಾಗುತ್ತದೆಂದು 1998ರಲ್ಲಿ ಫಲಿತಾಂಶ ಪ್ರಕಟಿಸಿದ ಬ್ರಿಟನ್ನಿನ ದೀರ್ಘ ಅಧ್ಯಯನ ತೋರಿಸಿತು. ಅದು ರೋಗದ ಸ್ವಭಾವ, ರೋಗಿಯ ಸೋಲಲ್ಲ. ಆದುದರಿಂದ ವೈದ್ಯರನ್ನು ಕೇಳದೆ ಗುಳಿಗೆ ಬಿಡದಿರೋಣ. ಮನೆಮಂದಿಯೆಲ್ಲ ಒಂದೇ ಪಥ್ಯದ ಊಟಕ್ಕೆ ಕೂಡೋಣ.