ಅರಮನೆಯ ಶಾಲೆ, ಮೂಲೆಯ ಗೋಣಿತಟ್ಟು

ಸಾತಾರದ ಹಳೇ ರಾಜವಾಡೆಯನ್ನು 1824ರಲ್ಲಿ ಕಟ್ಟಿಸಿದವನು ಛತ್ರಪತಿ ಪ್ರತಾಪಸಿಂಹ. 1848ರಲ್ಲಿ ಸಂಸ್ಥಾನ ಕಂಪನಿಯ ವಶವಾಯ್ತು; ಮುಂದೆ ಆ ಅರಮನೆಯಲ್ಲೇ ಸರ್ಕಾರಿ ಹೈಸ್ಕೂಲು ನಡೆಯಿತು. ಅದರ ಮರದ ಕಂಬ, ಅಂಗಳಗಳನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ನಾನು ಕೇಳೋದು ನೆಲದ ಬಗ್ಗೆ: ಅಲ್ಲಿ ಯಾರು ಎಲ್ಲಿ ಕೂತರು?

1900ರ ನವೆಂಬರ್ 7ರಂದು ಭೀವಾ ರಾಮಜಿ ಅಂಬೇಡ್ಕರ್ ಎಂಬ ಹುಡುಗ ಈ ಶಾಲೆಗೆ ಸೇರಿದ. ಮಹಾರಾಷ್ಟ್ರ ಸರ್ಕಾರ 2017ರಿಂದ ಆ ದಿನವನ್ನು ವಿದ್ಯಾರ್ಥಿ ದಿನ ಅಂತ ಆಚರಿಸುತ್ತಿದೆ. ಸಂತೋಷ. ಆದರೆ ಆ ಬಾಗಿಲು ಯಾರ ಔದಾರ್ಯದಿಂದಲೂ ತೆರೆದದ್ದಲ್ಲ. ಆಗ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಧಾರವಾಡದಲ್ಲಿ, 1856ರಲ್ಲಿ, ಸರ್ಕಾರಿ ಶಾಲೆಗೆ ಅರ್ಜಿ ಹಾಕಿದ ಮಹಾರ್ ಹುಡುಗನೊಬ್ಬನನ್ನು ಸರ್ಕಾರವೇ ಹೊರಗೆ ನಿಲ್ಲಿಸಿತ್ತು. ಅವನನ್ನು ಸೇರಿಸಿಕೊಂಡರೆ ಮೇಲ್ಜಾತಿಯವರು ಶಾಲೆ ಬಿಟ್ಟಾರು ಅನ್ನೋ ಭಯ! ಆ ತಕರಾರು ಲಂಡನ್ನಿನವರೆಗೂ ಹೋಯ್ತು. 1858ರಲ್ಲಿ, ಪೂರಾ ಸರ್ಕಾರಿ ಖರ್ಚಿನ ಶಾಲೆಗಳು ಎಲ್ಲರಿಗೂ ಮುಕ್ತ ಅಂತ ಆದೇಶವಾಯ್ತು.

ಆದೇಶ ಹೊಸ್ತಿಲಲ್ಲೇ ನಿಂತಿತು. ಸಾತಾರದ ಶಾಲಾದಿನಗಳನ್ನು ಅಂಬೇಡ್ಕರರೇ ಬರೆದಿಟ್ಟಿದ್ದಾರೆ: ಮೂಲೆಯಲ್ಲಿ ಒಂಟಿಯಾಗಿ ಕೂರಬೇಕು. ಕೂರುವ ಗೋಣಿತಟ್ಟನ್ನು ಕಸ ಗುಡಿಸುವ ಆಳೂ ಮುಟ್ಟುತ್ತಿರಲಿಲ್ಲ. ಸಂಜೆ ಮನೆಗೆ ಒಯ್ದು ಬೆಳಿಗ್ಗೆ ಮತ್ತೆ ತರಬೇಕು. ಬಾಯಾರಿದರೆ ನಲ್ಲಿ ತಿರುಗಿಸಲು ಜವಾನನೇ ಬರಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ.