ವಾರಕ್ಕೊಂದು ಕಂತು: ಕನ್ನಡ ಮಾತಾಡಿದ ಫ್ಯಾಂಟಮ್

ಅಮೆರಿಕದ ಲೀ ಫಾಕ್ ಅವರ ‘ಫ್ಯಾಂಟಮ್’ ಚಿತ್ರಕಥೆ ಪತ್ರಿಕೆಗಳಲ್ಲಿ ಶುರುವಾದದ್ದು 1936ರ ಫೆಬ್ರುವರಿ 17ರಂದು. ಹಂಚಿಕೆ ಕಿಂಗ್ ಫೀಚರ್ಸ್ ಸಿಂಡಿಕೇಟ್‌ನದು. ಕಲಾವಿದ ಒಮ್ಮೆ ಬರೆದ ಚಿತ್ರಪಟ್ಟಿಯನ್ನು ಹಲವು ದೇಶಗಳ ಪತ್ರಿಕೆಗಳು ಶುಲ್ಕ ತೆತ್ತು ತಮ್ಮ ನುಡಿಯಲ್ಲಿ ಅಚ್ಚು ಹಾಕುವುದೇ ಸಿಂಡಿಕೇಟ್ ಪದ್ಧತಿ.

1965ರಲ್ಲಿ ಆರಂಭವಾದ ‘ಸುಧಾ’ ವಾರಪತ್ರಿಕೆ ಫ್ಯಾಂಟಮ್‌ನನ್ನು ಕನ್ನಡದ ಮನೆಮಾತಾಗಿಸಿತು. ಪ್ರಾಣ್ ಅವರ ‘ಡಾಬು’ ಕೂಡ ಅದರಲ್ಲೇ ಬರುತ್ತಿತ್ತು. ಇಂಗ್ಲಿಷಿನ ಅಳತೆಗೆ ಬಿಡಿಸಿದ ಪುಟ್ಟ ಗುಳ್ಳೆಯೊಳಗೆ ಒತ್ತಕ್ಷರ, ದೀರ್ಘಗಳ ಸಮೇತ ಕನ್ನಡದ ಮಾತು ಕೂರಬೇಕು. ಕಥೆಯ ಓಟವೂ ತಪ್ಪಬಾರದು. ಇದನ್ನು ವಾರವಾರವೂ ಸಾಧಿಸಿದ ಅನುವಾದಕರಿಗೆ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಜಾಗ ಸಲ್ಲಬೇಕು. 1964ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಆರಂಭವಾದ ‘ಇಂದ್ರಜಾಲ ಕಾಮಿಕ್ಸ್’ ಮುಂದೆ ಕನ್ನಡಕ್ಕೂ ಬಂತು, 1990ರಲ್ಲಿ ನಿಂತಿತು.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಸಂಚಿಕೆಗಳಿದ್ದರೆ ರದ್ದಿಗೆ ಹಾಕಬೇಡಿ, ಹತ್ತಿರದ ಗ್ರಂಥಾಲಯಕ್ಕೆ ತೋರಿಸಿ.