ಚುಕ್ಕೆಗೆ ಹೆಸರು ಬಂದ ಕಥೆ

ವಿಮಾನ ನಿಲ್ದಾಣದ ಆಕಾಶವನ್ನು ಯಂತ್ರಕ್ಕೆ ಒಪ್ಪಿಸಿಬಿಡೋಣ ಎಂಬ ಮಾತು ಇಂದು ನಿನ್ನೆಯದಲ್ಲ. 1929ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಆರ್ಚಿ ಲೀಗ್ ಎಂಬಾತ ತಳ್ಳುಗಾಡಿಯಲ್ಲಿ ಕುರ್ಚಿ, ಛತ್ರಿ, ಬಾವುಟ ಹೇರಿಕೊಂಡು ಬಂದು ಮೈದಾನದ ತುದಿಯಲ್ಲಿ ನಿಂತು ವಿಮಾನಗಳಿಗೆ ಸನ್ನೆ ಮಾಡುತ್ತಿದ್ದ. ಮುಂದೆ ರಾಡಾರ್ ಬಂತು, ಆದರೆ ಕೆಲಸವೇನೂ ಹಗುರಾಗಲಿಲ್ಲ. 1950ರ ದಶಕದ ರಾಡಾರ್ ಕೋಣೆಗಳಲ್ಲಿ ಪರದೆಯನ್ನು ಮೇಜಿನಂತೆ ಮಲಗಿಸಿ, ಪ್ರತಿ ಚುಕ್ಕೆಯ ಪಕ್ಕ ಪುಟ್ಟದೊಂದು ಪ್ಲಾಸ್ಟಿಕ್ ತುಂಡು ಇಡುತ್ತಿದ್ದರು. ಅದಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ವಿಮಾನದ ಹೆಸರು, ಎತ್ತರ. ಚುಕ್ಕೆ ಸರಿದಂತೆಲ್ಲ ಕಂಟ್ರೋಲರ್ ಅದನ್ನು ಬೆರಳಿನಿಂದ ತಳ್ಳುತ್ತಿರಬೇಕು. ಆ ತುಂಡುಗಳಿಗೆ ಅವರಿಟ್ಟ ಹೆಸರು ‘ಶ್ರಿಂಪ್ ಬೋಟ್’, ಅಂದರೆ ಸಿಗಡಿ ದೋಣಿ. ತಳ್ಳುವ, ಬರೆಯುವ, ನೆನಪಿಡುವ ಇಂಥ ಕೆಲಸವನ್ನು ವಹಿಸಿಕೊಂಡಾಗಲೆಲ್ಲ ಯಂತ್ರ ಗೆದ್ದಿದೆ, ಕಂಟ್ರೋಲರನ ಕುರ್ಚಿಗೇ ಕೈಹಾಕಿದಾಗ ಮುಗ್ಗರಿಸಿದೆ ಎಂಬುದು ಈ ಚರಿತ್ರೆಯಿಂದ ನಾನು ಕಂಡುಕೊಂಡದ್ದು.

1960ರ ಡಿಸೆಂಬರ್ 16ರಂದು ನ್ಯೂಯಾರ್ಕ್ ಮೇಲೆ ಯುನೈಟೆಡ್ ಕಂಪನಿಯ ಡಿಸಿ-8 ಜೆಟ್ಟೂ ಟಿಡಬ್ಲ್ಯುಎ ಕಂಪನಿಯ ಸೂಪರ್ ಕಾನ್‌ಸ್ಟೆಲೇಷನ್ ವಿಮಾನವೂ ಡಿಕ್ಕಿಯಾಗಿ, ನೆಲದ ಮೇಲಿದ್ದವರೂ ಸೇರಿ 134 ಜನ ಸತ್ತರು. ಸುತ್ತು ಹೊಡೆಯುತ್ತ ಕಾಯಬೇಕಿದ್ದ ಜಾಗವನ್ನು ಜೆಟ್ ದಾಟಿ ಬಂದಿತ್ತು. ಲಗಾರ್ಡಿಯಾ ನಿಲ್ದಾಣದ ಕಂಟ್ರೋಲರ್‌ಗೆ ಯಾವುದೋ ಚುಕ್ಕೆ ಹತ್ತಿರ ಬರುವುದು ಕಂಡಿತ್ತು, ತನ್ನ ಸುಪರ್ದಿಯಲ್ಲಿದ್ದ ಟಿಡಬ್ಲ್ಯುಎ ವಿಮಾನಕ್ಕೆ ಎಚ್ಚರಿಕೆಯನ್ನೂ ಹೇಳಿದ್ದ. ಆ ಚುಕ್ಕೆ ಯಾರದು, ಎಷ್ಟು ಎತ್ತರದಲ್ಲಿದೆ ಎಂಬುದನ್ನು ಮಾತ್ರ ಪರದೆ ಹೇಳಲಿಲ್ಲ. ಇದಕ್ಕೆ ಉತ್ತರ ಎರಡನೇ ಮಹಾಯುದ್ಧದ ಕಾಲದಲ್ಲೇ ಸಿಕ್ಕಿತ್ತು: ಶತ್ರು ಯಾರು ಮಿತ್ರ ಯಾರು ಎಂದು ತಿಳಿಯಲು ರಾಡಾರ್ ಕೇಳಿದ ಪ್ರಶ್ನೆಗೆ ವಿಮಾನವೇ ಉತ್ತರಿಸುವ ಟ್ರಾನ್ಸ್‌ಪಾಂಡರ್. ಅದಕ್ಕೆ ಕಂಪ್ಯೂಟರ್ ಜೋಡಿಸಿದ ‘ಆರ್ಟ್ಸ್’ ವ್ಯವಸ್ಥೆಯನ್ನು 1964ರಲ್ಲಿ ಅಟ್ಲಾಂಟಾದಲ್ಲಿ ಪ್ರಯೋಗಕ್ಕಿಟ್ಟರು. 1970ರ ದಶಕದಲ್ಲಿ ಅಮೆರಿಕದ ದೊಡ್ಡ ನಿಲ್ದಾಣಗಳಲ್ಲೆಲ್ಲ ಚುಕ್ಕೆಯ ಪಕ್ಕ ಹೆಸರು, ಎತ್ತರ, ವೇಗ ತಾವಾಗಿಯೇ ಮೂಡತೊಡಗಿದವು. ಈ ಸೌಲಭ್ಯವಿಲ್ಲದೆ ಏನಾಗುತ್ತದೆಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. 1996ರ ನವೆಂಬರ್ 12ರ ಸಂಜೆ ದೆಹಲಿಯ ಕಂಟ್ರೋಲರ್ ಮೇಲೇರುತ್ತಿದ್ದ ಸೌದಿ ಜಂಬೊಗೆ 14,000 ಅಡಿ, ಇಳಿಯುತ್ತಿದ್ದ ಕಜಕಸ್ತಾನದ ವಿಮಾನಕ್ಕೆ 15,000 ಅಡಿ ಕೊಟ್ಟಿದ್ದರು. ಕಜಕ್ ವಿಮಾನ ಆ ಮಿತಿಯನ್ನೂ ದಾಟಿ ಇಳಿಯಿತು. ಎತ್ತರ ತೋರಿಸದ ರಾಡಾರಿನಲ್ಲಿ ಆ ಇಳಿತ ಕಾಣುವಂತಿರಲಿಲ್ಲ. ಚರ್ಖಿ ದಾದ್ರಿಯ ಹೊಲಗಳ ಮೇಲೆ 349 ಜನ ಸತ್ತರು.

ಇನ್ನೊಂದು ಮುಖ ಇಷ್ಟು ಹಿತವಾಗಿಲ್ಲ. 1981ರ ಆಗಸ್ಟ್‌ನಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ಕಂಟ್ರೋಲರ್‌ಗಳನ್ನು ಅಧ್ಯಕ್ಷ ರೇಗನ್ ಮನೆಗೆ ಕಳಿಸಿದರು. ಕಡಿಮೆ ಜನ, ಹೆಚ್ಚು ಯಂತ್ರ ಎಂಬ ಆಸೆಗೆ ಅಲ್ಲಿಂದ ಬಲ ಬಂತು. 1988ರಲ್ಲಿ ಐಬಿಎಂಗೆ ಗುತ್ತಿಗೆಯಾದ ‘ಅಡ್ವಾನ್ಸ್ಡ್ ಆಟೊಮೇಷನ್ ಸಿಸ್ಟಮ್’ ವರ್ಷಕ್ಕೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಕೂಡದು ಎಂಬುದು ಷರತ್ತು. ಎಡವಿದ ಕಲ್ಲುಗಳಲ್ಲಿ ಒಂದು, ನಂಬಿದರೆ ನಂಬಿ, ಕಾಗದದ ಪಟ್ಟಿ. ಪ್ರತಿ ವಿಮಾನಕ್ಕೊಂದು ಸಣ್ಣ ಪಟ್ಟಿ, ಅದಕ್ಕೊಂದು ಪ್ಲಾಸ್ಟಿಕ್ ಹಿಡಿಕೆ. ಕಂಟ್ರೋಲರ್ ಅದರ ಮೇಲೆ ಗೀಚುತ್ತಾನೆ, ಮೇಲೆ ಕೆಳಗೆ ಸರಿಸುತ್ತಾನೆ, ಅನುಮಾನದ ವಿಮಾನದ ಪಟ್ಟಿಯನ್ನು ಸಾಲಿನಿಂದ ಸ್ವಲ್ಪ ಓರೆಯಾಗಿ ಎಳೆದಿಡುತ್ತಾನೆ. ಆ ಓರೆಯೇ ಅವನ ಗಂಟು ಹಾಕಿದ ಸೆರಗು. ಕೀಲಿ ಒತ್ತಿ ಒತ್ತಿ ಅದೇ ಕೆಲಸ ಮಾಡಬೇಕಾಗಿ ಬಂದಾಗ ಕಂಟ್ರೋಲರ್‌ಗಳು ಒಪ್ಪಲಿಲ್ಲ. ನೂರು ಕೋಟಿ ಡಾಲರ್‌ಗೂ ಹೆಚ್ಚು ಸುರಿದ ಮೇಲೆ, 1994ರಲ್ಲಿ ಯೋಜನೆಯ ಬಹುಭಾಗವನ್ನು ಕೈಬಿಟ್ಟರು. ಕಾಗದವೇನು ಅಮರವೇ ಎಂದು ಕೇಳಬಹುದು. ಅಲ್ಲ. ಕೆನಡಾದಲ್ಲಿ ಎಲೆಕ್ಟ್ರಾನಿಕ್ ಪಟ್ಟಿಗಳು ಚೆನ್ನಾಗಿ ನಡೆದವು, ಏಕೆಂದರೆ ಅಲ್ಲಿ ಅವನ್ನು ಪರದೆಯ ಮೇಲೆ ಮುಟ್ಟಿ ಸರಿಸಬಹುದಿತ್ತು. ಅತ್ತ ನಾಸಾದ ಹೈನ್ಸ್ ಎರ್ಜ್‌ಬರ್ಗರ್ ತಂಡ ಮಾಡಿದ ಸಲಕರಣೆ, ಇಳಿಯಲಿರುವ ವಿಮಾನಗಳಲ್ಲಿ ಯಾವುದು ಮೊದಲು, ಯಾವ ರನ್‌ವೇಗೆ ಎಂದು ಸಲಹೆ ಕೊಟ್ಟು ಸುಮ್ಮನಿರುತ್ತಿತ್ತು. 1996ರಲ್ಲಿ ಡಲ್ಲಾಸ್–ಫೋರ್ಟ್‌ವರ್ತ್‌ನಲ್ಲಿ ನಿಜವಾದ ಸಂಚಾರದ ನಡುವೆಯೇ ಅದರ ಪರೀಕ್ಷೆ ನಡೆಯಿತು.

ಈ ವಾದಕ್ಕೆ ಬಲವಾದ ಆಕ್ಷೇಪ 2002ರ ಜುಲೈ 1ರ ರಾತ್ರಿಯದು. ಜರ್ಮನಿಯ ಉಬರ್‌ಲಿಂಗೆನ್ ಮೇಲೆ ಎರಡು ವಿಮಾನಗಳು ಎದುರಾದಾಗ, ಡಿಕ್ಕಿ ತಪ್ಪಿಸುವ ಟಿಸಿಎಎಸ್ ಯಂತ್ರ ರಷ್ಯನ್ ಪೈಲಟ್‌ಗಳಿಗೆ ಮೇಲೇರಿ ಎಂದಿತು, ಕಂಟ್ರೋಲರ್ ಇಳಿಯಿರಿ ಎಂದ. ಅವರು ಮನುಷ್ಯನ ಮಾತು ಕೇಳಿದರು, 71 ಜನ ಸತ್ತರು. ಯಂತ್ರವೇ ಸರಿಯಿತ್ತಲ್ಲವೇ? ಸರಿಯಿತ್ತು, ಒಪ್ಪೋಣ. ಆದರೆ ಆ ಯಂತ್ರಕ್ಕೆ ಗೊತ್ತಿರುವುದು ಕೊನೆಯ ಕೆಲವು ಸೆಕೆಂಡುಗಳು ಮಾತ್ರ. ನಲವತ್ತು ವಿಮಾನಗಳನ್ನು ಸಾಲಾಗಿ ಇಳಿಸುವುದು ಅದರ ಕೆಲಸವಲ್ಲ. ಅಂದು ಕಂಟ್ರೋಲರ್ ಒಬ್ಬನೇ ಎರಡು ಪರದೆ ನೋಡುತ್ತಿದ್ದ, ದುರಸ್ತಿಯಿಂದಾಗಿ ಫೋನ್ ಕೈಕೊಟ್ಟಿತ್ತು. ಪೈಲಟ್‌ಗೆ ಯಂತ್ರ ಏನು ಆದೇಶ ಕೊಟ್ಟಿದೆ ಎಂಬುದು ಅವನ ಪರದೆಯ ಮೇಲೆ ಬರುತ್ತಲೂ ಇರಲಿಲ್ಲ. ಇಲ್ಲೂ ಕೊರತೆಯಾದದ್ದು ತಿಳಿಸುವ ಯಂತ್ರವೇ.

ಬೆಂಗಳೂರಿಗೂ ಇದು ದೂರದ ಮಾತಲ್ಲ. 2022ರ ಜನವರಿ 7ರ ಬೆಳಿಗ್ಗೆ ಕೆಂಪೇಗೌಡ ನಿಲ್ದಾಣದಲ್ಲಿ ಒಂದೇ ರನ್‌ವೇ ಬಳಸುವ ತೀರ್ಮಾನವಾಯಿತು. ದಕ್ಷಿಣ ಗೋಪುರದ ಕಂಟ್ರೋಲರ್‌ಗೆ ಆ ಸುದ್ದಿ ಮುಟ್ಟಲಿಲ್ಲ. ಅಕ್ಕಪಕ್ಕದ ರನ್‌ವೇಗಳಿಂದ ಎರಡು ವಿಮಾನಗಳು ಹೆಚ್ಚುಕಡಿಮೆ ಒಟ್ಟಿಗೇ ಮೇಲೇರಿ ಒಂದರತ್ತ ಒಂದು ವಾಲಿದವು. ರಾಡಾರ್ ಮುಂದೆ ಕುಳಿತಿದ್ದ ಕಂಟ್ರೋಲರ್ ಹೆಸರುಳ್ಳ ಆ ಎರಡು ಚುಕ್ಕೆಗಳನ್ನು ಕಂಡು, ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು.